ಬಂದ ಹಕ್ಕಿಗೆ ಲೆಕ್ಕವಿದೆ, ಸತ್ತ ಹಕ್ಕಿಗಿಲ್ಲ

ಚಳಿಗಾಲ ಬಲಿಯುವ ಹೊತ್ತಿಗೆ ನಂಜನಗೂಡು ತಾಲ್ಲೂಕಿನ ಹದಿನಾರು ಗ್ರಾಮದ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುತ್ತವೆ. ಮೈಸೂರು ಅರಸರ ಮೂಲಪುರುಷ ಯದುರಾಯನ ಕಥೆಯಿಂದ ಹೆಸರಾದ ಊರು ಇದು. ಈಗ ದೂರದೂರದ ಪಕ್ಷಿವೀಕ್ಷಕರಿಗೆ ಈ ಊರು ಗೊತ್ತಿರುವುದು ಈ ಬಾತುಗಳಿಂದ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ ಇವು ಕಪಿಲೆ ಕಾವೇರಿಗಳ ಬಯಲಿಗೆ ಬರುತ್ತವೆ. ಬೆನ್ನಿಗೆ ಸಂಕೇತಯಂತ್ರ ಕಟ್ಟಿ ನಡೆಸಿದ ಅಧ್ಯಯನವೊಂದರಲ್ಲಿ ಒಂದು ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿ, 2013ರಲ್ಲಿ ಪ್ರಕಟವಾಯಿತು. ಮಂಗೋಲಿಯಾದ ವಿಜ್ಞಾನಿಗಳು ಕೊರಳಿಗೆ ಸಂಖ್ಯೆಯ ಪಟ್ಟಿ ತೊಡಿಸಿ ಬಿಟ್ಟ ಬಾತುಗಳು ಮೈಸೂರು ಸುತ್ತಲಿನ ಕೆರೆಗಳಲ್ಲಿ ಕಂಡಿವೆ. ಜನವರಿ ಬಂತೆಂದರೆ ಹವ್ಯಾಸಿಗಳು ದೂರದರ್ಶಕ ಹಿಡಿದು ಕೆರೆ ಏರಿಯ ಮೇಲೆ ನಿಂತು ಒಂದೊಂದನ್ನೂ ಎಣಿಸುತ್ತಾರೆ. ಏಷ್ಯಾದ ನೀರುಹಕ್ಕಿಗಳ ಗಣತಿ 1987ರಿಂದ ನಡೆದುಬಂದಿದೆ. ಬಂದ ಹಕ್ಕಿಗೆ ನಮ್ಮಲ್ಲಿ ಹೀಗೆ ಲೆಕ್ಕವಿದೆ. ಬಲೆಗೆ, ಕಣ್ಣಿಗೆ, ವಿಷದ ಕಾಳಿಗೆ ಸಿಕ್ಕಿ ಸತ್ತದ್ದಕ್ಕೆ ಇದೇ ಶ್ರದ್ಧೆಯ ಲೆಕ್ಕವಿಲ್ಲ. ಕಾಡುಹಕ್ಕಿಗಳ ಅಕ್ರಮ ಹತ್ಯೆ ತಡೆಯುವ ಕೆಲಸ ಜಗತ್ತಿನಲ್ಲಿ ಎಲ್ಲೆಲ್ಲಿ ಫಲ ಕೊಟ್ಟಿದೆಯೋ ಅಲ್ಲೆಲ್ಲ ಯಾರೋ ಒಬ್ಬರು ಸತ್ತವನ್ನು ಎಣಿಸಿದ್ದಾರೆ. ನಂಜನಗೂಡು, ತಿ. ನರಸೀಪುರದ ಬಯಲಿನಲ್ಲೂ ಕಾವಲು ಶುರುವಾಗಬೇಕಾದದ್ದು ಆ ಎಣಿಕೆಯಿಂದ ಎಂಬುದು ಈ ಲೇಖನದ ವಾದ.

ಹಕ್ಕಿಗಳಿಗಾಗಿ ದೇಶದೇಶಗಳು ಕೂಡಿ ಮಾತಾಡಿಕೊಂಡದ್ದು ಹೊಸದೇನಲ್ಲ. 1902ರಲ್ಲೇ ಯೂರೋಪಿನ ಹಲವು ದೇಶಗಳು ಪ್ಯಾರಿಸ್‌ನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದ್ದವು. ಆದರೆ ಅದು ಕಾಪಾಡಲು ಹೊರಟದ್ದು ಬೇಸಾಯಕ್ಕೆ ಉಪಯೋಗವಾಗುವ ಹಕ್ಕಿಗಳನ್ನು ಮಾತ್ರ. ಹದ್ದು ಗಿಡುಗಗಳಂಥವು ಹಾನಿಕಾರಕ ಎಂಬ ಪಟ್ಟಿಗೆ ಸೇರಿದವು. ವಲಸೆಯ ಜೀವಿ ಯಾವುದೇ ಇರಲಿ, ಅದರ ದಾರಿಯ ಉದ್ದಕ್ಕೂ ಇರುವ ದೇಶಗಳಿಗೆಲ್ಲ ಹೊಣೆಯಿದೆ ಎಂಬ ಮಾತು ಗಟ್ಟಿಯಾದದ್ದು 1979ರ ಬಾನ್ ಒಪ್ಪಂದದಲ್ಲಿ. ಅದು 1983ರಲ್ಲಿ ಜಾರಿಗೆ ಬಂದಾಗಿನಿಂದ ಭಾರತವೂ ಅದರ ಸದಸ್ಯ. ಇಷ್ಟಾದರೂ ಮೆಡಿಟರೇನಿಯನ್ ಸಮುದ್ರದ ಸುತ್ತ ಹಕ್ಕಿಗಳನ್ನು ಹಿಡಿಯುವುದು, ಕೊಲ್ಲುವುದು ಎಗ್ಗಿಲ್ಲದೆ ನಡೆದೇ ಇತ್ತು. ಅಲ್ಲಿ ಮಾತಿನ ಧಾಟಿ ಬದಲಾದದ್ದು ಒಂದು ಅಂಕಿಯಿಂದ. ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಸಂಸ್ಥೆ ಆ ಪ್ರದೇಶದ ದೇಶಗಳಿಂದ ಮಾಹಿತಿ ಕಲೆಹಾಕಿ 2015ರಲ್ಲಿ ಅಂದಾಜೊಂದನ್ನು ಮುಂದಿಟ್ಟಿತು: ವರ್ಷಕ್ಕೆ 1.1 ಕೋಟಿಯಿಂದ 3.6 ಕೋಟಿ ಹಕ್ಕಿಗಳು ಕಾನೂನುಬಾಹಿರವಾಗಿ ಸಾಯುತ್ತವೆ ಅಥವಾ ಸೆರೆಯಾಗುತ್ತವೆ. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ಮೂರು ಪಟ್ಟು ಅಂತರವಿದೆ, ನಿಜ. ಆದರೆ ಕಡಿಮೆಯದನ್ನೇ ಹಿಡಿದರೂ ಅದು ಹಳ್ಳಿಗಾಡಿನ ಮೋಜು ಎಂದು ತಳ್ಳಿಹಾಕುವಂಥದ್ದಾಗಿರಲಿಲ್ಲ. 2014ರಲ್ಲಿ ಬಾನ್ ಒಪ್ಪಂದದ ಅಡಿಯಲ್ಲಿ ನಿರ್ಧಾರವಾದ ಸರ್ಕಾರಗಳ ಕಾರ್ಯಪಡೆಗೆ ಹಿಡಿಯಲು ಒಂದು ಬುಡ ಸಿಕ್ಕಿತು. 2030ರೊಳಗೆ ಈ ಹತ್ಯೆಯನ್ನು ಅರ್ಧಕ್ಕಿಳಿಸುವ ರೋಮ್ ಯೋಜನೆ ಬಂದದ್ದು ಆಮೇಲೆ. ಪೂರ್ತಿ ಎಷ್ಟೆಂದು ತಿಳಿಯದೆ ಅರ್ಧ ಎಂದು ಹೇಳುವುದಾದರೂ ಹೇಗೆ?

ಸೈಪ್ರಸ್ ದ್ವೀಪದ ಉದಾಹರಣೆ ಇನ್ನೂ ಸ್ಪಷ್ಟ. ಗುಬ್ಬಿಗಿಂತ ದೊಡ್ಡದಲ್ಲದ ಉಲಿಯಕ್ಕಿಗಳನ್ನು ಅಲ್ಲಿ ತೆಳು ಬಲೆ ಕಟ್ಟಿ, ಅಂಟು ಸವರಿದ ಕಡ್ಡಿ ನೆಟ್ಟು ಹಿಡಿದು, ಹೋಟೆಲುಗಳಿಗೆ ಗುಟ್ಟಾಗಿ ಮಾರುತ್ತಾರೆ. ಕತ್ತಲಲ್ಲಿ ಧ್ವನಿವರ್ಧಕದಿಂದ ಹಕ್ಕಿಯ ಕೂಗನ್ನೇ ಕೇಳಿಸಿ ಇನ್ನಷ್ಟನ್ನು ಕರೆಯುತ್ತಾರೆ. ಬರ್ಡ್‌ಲೈಫ್ ಸೈಪ್ರಸ್‌ನವರು 2002ರಿಂದ ಒಂದೇ ಕ್ರಮದಲ್ಲಿ ಬಲೆ ಹಾಕುವ ಜಾಗಗಳನ್ನು ನೋಡಿ ಬರೆದಿಡುತ್ತ ಬಂದರು. ಅಲ್ಲಿರುವ ಬ್ರಿಟಿಷ್ ಸೇನಾನೆಲೆಯ ಪ್ರದೇಶದಲ್ಲಿ 2016ರ ಒಂದೇ ಶರತ್ಕಾಲದಲ್ಲಿ 8 ಲಕ್ಷಕ್ಕೂ ಹೆಚ್ಚು ಹಕ್ಕಿಗಳು ಸತ್ತಿರಬೇಕೆಂಬ ಅಂದಾಜು ಹೊರಬಂದಾಗ, ನೆಲೆಯ ಪೊಲೀಸರು ಕೈಕಟ್ಟಿ ಕೂರುವಂತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಪ್ರದೇಶದ ಬಲೆಗಾರಿಕೆ ಶೇ 90ಕ್ಕಿಂತ ಹೆಚ್ಚು ಇಳಿಯಿತು. ಇಳಿಯಿತು ಎಂದು ಇವತ್ತು ಹೇಳಲು ಸಾಧ್ಯವಾಗಿರುವುದೂ ಆ ಹಳೆಯ ದಾಖಲೆಗಳಿಂದಲೇ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಾಗಾಲ್ಯಾಂಡ್‌ನ ಪಾಂಗ್ತಿ ಗ್ರಾಮದ ಬಳಿ, ದೋಯಾಂಗ್ ಜಲಾಶಯದ ದಂಡೆಯಲ್ಲಿ, ಸೈಬೀರಿಯಾ ಮತ್ತು ಉತ್ತರ ಚೀನಾದಿಂದ ಆಫ್ರಿಕಾಕ್ಕೆ ಹೊರಟ ಅಮುರ್ ಚಾಣಗಳನ್ನು ಮೀನುಬಲೆ ಕಟ್ಟಿ ಹಿಡಿಯುತ್ತಿದ್ದರು. 2012ರ ಅಕ್ಟೋಬರಿನಲ್ಲಿ ಅಲ್ಲಿಗೆ ಹೋದ ಕನ್ಸರ್ವೇಷನ್ ಇಂಡಿಯಾ ತಂಡದಲ್ಲಿ ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್, ನಾಗಾಲ್ಯಾಂಡ್‌ನ ಬಾನೊ ಹರಾಲು ಮುಂತಾದವರಿದ್ದರು. ಅವರು ಕೇವಲ ದೃಶ್ಯ ತೆಗೆದು ಮರುಗಲಿಲ್ಲ. ಬಲೆಗಳನ್ನೂ ಬೇಟೆಗಾರರನ್ನೂ ಎಣಿಸಿ ಗುಣಿಸಿದರು. ದಿನಕ್ಕೆ 12,000ದಿಂದ 14,000, ಆ ಋತುವಿನಲ್ಲಿ 1.2 ಲಕ್ಷದಿಂದ 1.4 ಲಕ್ಷ ಎಂಬ ಅಂದಾಜು ಪ್ರಕಟವಾದಾಗ ದೇಶವೇ ಬೆಚ್ಚಿತು. ಮರುವರ್ಷದ ಹೊತ್ತಿಗೆ ಪಾಂಗ್ತಿಯ ಗ್ರಾಮಸಭೆ ಬೇಟೆಯನ್ನು ನಿಷೇಧಿಸಿತ್ತು, ಚರ್ಚು ದನಿಗೂಡಿಸಿತ್ತು, ಬಲೆಗಳು ಕೆಳಗಿಳಿದಿದ್ದವು. 2013ರ ನವೆಂಬರಿನಲ್ಲಿ ಮೂರು ಚಾಣಗಳಿಗೆ ಉಪಗ್ರಹ ಸಂಕೇತಯಂತ್ರ ಕಟ್ಟಿ ಹಾರಿಬಿಟ್ಟಾಗ, ಅವುಗಳಲ್ಲಿ ಒಂದಕ್ಕೆ ಪಾಂಗ್ತಿ ಎಂದೇ ಹೆಸರಿಟ್ಟರು. ಕಾನೂನು ಅಲ್ಲಿ 2012ಕ್ಕೆ ಮೊದಲೂ ಇತ್ತು. ಇಲ್ಲದಿದ್ದದ್ದು ಅಂಕಿ.

ಈಗ ನಮ್ಮ ಬಯಲಿಗೆ ಬರೋಣ. ಕಬಿನಿ ನಾಲೆಗಳ ನೀರು, ಗದ್ದೆ, ಕೆರೆಯಂಗಳ, ತಿರುಮಕೂಡಲಿನ ಸಂಗಮದ ಮರಳುದಿಣ್ಣೆ ಎಲ್ಲವೂ ಸೇರಿ ಈ ಎರಡು ತಾಲ್ಲೂಕುಗಳು ಚಳಿಗಾಲದ ಹಕ್ಕಿಗಳಿಗೆ ಒಂದೇ ದೊಡ್ಡ ಹರಿವಾಣ. ಹೆಬ್ಬಾತು ಹಗಲು ಕೆರೆಯ ಅಂಚಿನಲ್ಲಿ ಗುಂಪಾಗಿ ಕೂತಿದ್ದು, ಕತ್ತಲಾದ ಮೇಲೆ ಕುಯ್ದ ಗದ್ದೆಗೂ ಹೊಲಕ್ಕೂ ಮೇಯಲು ಹೋಗುತ್ತದೆ. ನಾವು ಅದನ್ನು ಎಣಿಸುವುದು ಹಗಲಿನಲ್ಲಿ, ಕೆರೆಯಲ್ಲಿ. ಅದಕ್ಕೆ ಅಪಾಯ ಇರುವುದು ರಾತ್ರಿಯಲ್ಲಿ, ಗದ್ದೆಯಲ್ಲಿ. ಗಣತಿಯ ಕಣ್ಣಿಗೂ ಕೊಲ್ಲುವ ಕೈಗೂ ಭೇಟಿಯೇ ಆಗದಂಥ ಏರ್ಪಾಡಿದು. ಕೌಜುಗಕ್ಕೆ ಒಡ್ಡುವ ಕಣ್ಣಿಯಾಗಲಿ ಬಾತಿಗೆ ಹಾಸುವ ಬಲೆಯಾಗಲಿ ಬೆಳಗಾಗುವಷ್ಟರಲ್ಲಿ ಚೀಲ ಸೇರಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಕಾರ್ಬೊಫ್ಯುರಾನ್‌ನಂಥ ಕೀಟನಾಶಕ ಬೆರೆಸಿದ ಕಾಳು. ದೇಶದ ಹಲವೆಡೆ ನೀರುಹಕ್ಕಿಗಳನ್ನು ಕೊಲ್ಲಲು ಇದನ್ನು ಬಳಸಿದ ಪ್ರಕರಣಗಳು ಬೆಳಕಿಗೆ ಬಂದಿವೆ. ಅದು ಗುರಿಯಿಟ್ಟ ಹಕ್ಕಿಯನ್ನಷ್ಟೇ ಕೊಲ್ಲುವುದಿಲ್ಲ. ಕಾಳು ತಿಂದ ನವಿಲು, ಹೆಣ ತಿಂದ ಹದ್ದು, ಕೊನೆಗೆ ಮಾಂಸ ಕೊಂಡು ತಿಂದ ಮನುಷ್ಯ, ಎಲ್ಲರಿಗೂ ಅದು ಒಂದೇ ನಂಜು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬ ಪದದ ಅರ್ಥ ವಿಶಾಲವಾಗಿಯೇ ಇದೆ. ಹಿಡಿಯುವುದು, ಬಲೆ ಒಡ್ಡುವುದು, ವಿಷವಿಡುವುದು, ಗೂಡು ಮೊಟ್ಟೆಗೆ ಹಾನಿ ಮಾಡುವುದು ಎಲ್ಲವೂ ಅದರೊಳಗೆ ಬರುತ್ತವೆ. 2022ರ ತಿದ್ದುಪಡಿ ಸಾಮಾನ್ಯ ಅಪರಾಧಗಳ ದಂಡದ ಮಿತಿಯನ್ನು 25,000 ರೂಪಾಯಿಯಿಂದ 1 ಲಕ್ಷಕ್ಕೆ ಏರಿಸಿತು. ಹಾಗಾಗಿ ಕಾನೂನಿನ ಬಡತನ ನಮಗಿಲ್ಲ. ತೊಡಕಿರುವುದು ನಾವು ಕೆಲಸವನ್ನು ಅಳೆಯುವ ರೀತಿಯಲ್ಲಿ. ಒಂದು ವಲಯದಲ್ಲಿ ವರ್ಷವಿಡೀ ಹಕ್ಕಿಬೇಟೆಯ ಒಂದು ಪ್ರಕರಣವೂ ದಾಖಲಾಗದಿದ್ದರೆ ಅಲ್ಲಿ ಎಲ್ಲ ಸರಿಯಿದೆ ಎಂದೇ ತಿಳಿಯುತ್ತೇವೆ. ಹತ್ತು ದಾಖಲಾದರೆ ಆ ವಲಯಕ್ಕೆ ಕೆಟ್ಟ ಹೆಸರು. ಹೀಗಿರುವಾಗ ಹುಡುಕಿ ಬರೆದವನಿಗೆ ನಷ್ಟ, ಬರೆಯದೆ ಬಿಟ್ಟವನಿಗೆ ನೆಮ್ಮದಿ. ಸತ್ತ ಹಕ್ಕಿಯ ಎಣಿಕೆ ಪ್ರಕರಣದ ದಾಖಲೆಯಿಂದ ಬೇರೆಯಾಗಿ ನಡೆಯಬೇಕು ಎನ್ನುವುದು ಇದಕ್ಕೇ. ಎಷ್ಟು ಮಂದಿಯನ್ನು ಹಿಡಿದೆವು ಎನ್ನುವುದಕ್ಕಿಂತ, ಇಂತಿಷ್ಟು ಗದ್ದೆಬಯಲನ್ನು ಇಂತಿಷ್ಟು ಸಲ ನಡೆದು ನೋಡಿದೆವು, ಇಷ್ಟು ಕಣ್ಣಿ, ಇಷ್ಟು ಬಲೆ, ಇಷ್ಟು ಹೆಣ ಸಿಕ್ಕಿತು ಎನ್ನುವ ಲೆಕ್ಕ ಮುಖ್ಯ. ಸೈಪ್ರಸ್‌ನಲ್ಲಿ ಮಾಡಿದ್ದು ಇದನ್ನೇ.

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು. ಕೆರೆಗೆ ಹರಿದು ಸೇರುವ ಕೊಳಚೆ, ಒತ್ತುವರಿ, ಬದಲಾಗುವ ಬೆಳೆಪದ್ಧತಿ, ವಿದ್ಯುತ್ ತಂತಿ ಇವುಗಳ ಮುಂದೆ ನಾಲ್ಕಾರು ಬಲೆಗಳು ಯಾವ ಲೆಕ್ಕ? ಪಟ್ಟೆತಲೆ ಹೆಬ್ಬಾತು ಅಳಿವಿನಂಚಿನ ಹಕ್ಕಿಯೂ ಅಲ್ಲವಲ್ಲ? ಎರಡೂ ಮಾತು ದಿಟ. ನೆಲೆ ಹೋದರೆ ಹಕ್ಕಿ ಹೋಯಿತು, ಅದಕ್ಕೆ ಎರಡನೆಯ ಮಾತಿಲ್ಲ. ಆದರೆ ಸಾಕಷ್ಟಿದೆ ಎಂಬ ಧೈರ್ಯ ಎಷ್ಟು ಬೇಗ ಕುಸಿಯುತ್ತದೆ ಎಂಬುದಕ್ಕೆ ಹಳದಿ ಎದೆಯ ಬಂಟಿಂಗ್ ಸಾಕ್ಷಿ. ಯೂರೋಪಿನ ಪೂರ್ವದಂಚಿನಿಂದ ಜಪಾನ್‌ವರೆಗೆ ಹೇರಳವಾಗಿದ್ದ ಪುಟ್ಟ ಹಕ್ಕಿ ಅದು. 1980ರಿಂದ 2013ರ ನಡುವೆ ಅದರ ಸಂಖ್ಯೆ ಶೇ 84ರಿಂದ 95ರಷ್ಟು ಕುಸಿಯಿತು. ಕಾರಣಗಳಲ್ಲಿ ಮುಖ್ಯವಾದದ್ದು ವಲಸೆಯ ದಾರಿಯಲ್ಲಿ, ವಿಶೇಷವಾಗಿ ಚೀನಾದಲ್ಲಿ, ತಿನ್ನಲು ಹಿಡಿದದ್ದು. ಚೀನಾ 1997ರಲ್ಲೇ ಆ ಬೇಟೆಯನ್ನು ನಿಷೇಧಿಸಿತ್ತು; ಗುಟ್ಟಿನ ಮಾರಾಟ ನಿಲ್ಲಲಿಲ್ಲ. 2017ರಲ್ಲಿ ಅದು ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿ ಸೇರಿತು. ಇಷ್ಟಕ್ಕೂ ನೆಲೆಯ ನಷ್ಟ ದೊಡ್ಡದು, ಬೇಟೆ ಚಿಕ್ಕದು ಎಂದು ಹೇಳಲು ಕೂಡ ಎರಡನೆಯದರ ಅಳತೆ ಬೇಕಲ್ಲವೆ? ಅಳೆದು ನೋಡಿ ಚಿಕ್ಕದು ಎಂದು ತಿಳಿದರೆ ಅದಕ್ಕಿಂತ ಸಂತೋಷದ ಸಂಗತಿ ಇನ್ನೊಂದಿಲ್ಲ.

ಎರಡನೆಯ ಆಕ್ಷೇಪ ನ್ಯಾಯದ್ದು. ಎಣಿಸಲು ಹೊರಟರೆ ಕೊನೆಗೆ ಸಿಕ್ಕಿಬೀಳುವವನು ಬಡವ. ಹೆಸರಿನಲ್ಲೇ ಹಕ್ಕಿಯನ್ನು ಹೊತ್ತ ಹಕ್ಕಿಪಿಕ್ಕಿ ಜನರ ಇತಿಹಾಸ ಇದಕ್ಕೆ ದೊಡ್ಡ ಪಾಠ. ಹಕ್ಕಿ ಹಿಡಿಯುವುದನ್ನೇ ಕುಲಕಸುಬಾಗಿಸಿಕೊಂಡಿದ್ದ ಈ ಅಲೆಮಾರಿಗಳಿಗೆ ಬೇಟೆಯನ್ನು ತಡೆದ ಕಾನೂನು ಬದಲಿ ಬದುಕನ್ನು ಅಷ್ಟೇ ಗಟ್ಟಿಯಾಗಿ ಕೊಡಲಿಲ್ಲ. ನಮ್ಮದೇ ಜಿಲ್ಲೆಯ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದಲ್ಲಿ ನೆಲೆನಿಂತವರು ಗಿಡಮೂಲಿಕೆಯ ತೈಲ ಕಾಯಿಸಿ, ಅದನ್ನು ಮಾರಲು ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದ ನಡುವೆ ಸಿಲುಕಿದ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳೂ ಇದ್ದರು ಎಂಬುದನ್ನು, ಸರ್ಕಾರ ಆಪರೇಷನ್ ಕಾವೇರಿ ಹೆಸರಿನಲ್ಲಿ ಭಾರತೀಯರನ್ನು ಕರೆತಂದದ್ದನ್ನು ಓದುಗರು ಮರೆತಿರಲಾರರು. ಹಕ್ಕಿಗಳ ಹಾಗೆ ಖಂಡ ದಾಟಿ ಹೊಟ್ಟೆ ಹೊರೆಯುವ ಈ ಜನರನ್ನು, ಎಲ್ಲಿ ಹಕ್ಕಿ ಸತ್ತರೂ ಮೊದಲ ಆರೋಪಿಗಳಾಗಿ ನೋಡುವುದು ಅನ್ಯಾಯ. ಆದರೆ ಆ ಅನ್ಯಾಯ ಬೆಳೆಯುವುದು ಲೆಕ್ಕ ಇಲ್ಲದ ಕಡೆಯಲ್ಲೇ. ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಯಾವ ಬಗೆಯ ಬಲೆ ಎಂದು ಬರೆದಿಟ್ಟರೆ ಅನುಮಾನ ಒಂದು ಜಾತಿಯ ಬೆನ್ನು ಬಿಟ್ಟು ಸರಕಿನ ದಾರಿ ಹಿಡಿಯುತ್ತದೆ. ಆ ದಾರಿ ಹೋಗಿ ನಿಲ್ಲುವುದು ಕೊಳ್ಳುವವನ ಮನೆಯಲ್ಲಿ, ಕಾಡುಹಕ್ಕಿಯ ಮಾಂಸ ಮೈಗೆ ಒಳ್ಳೆಯದೆಂದು ನಂಬಿ ಕೋಳಿಗಿಂತ ಹೆಚ್ಚು ಕಾಸು ತೆರುವವನ ಊಟದ ಮೇಜಿನಲ್ಲಿ. ಅವನು ಬಡವನಲ್ಲ.

ಮೂರನೆಯವನು ರೈತ. ಎಳೆ ಪೈರನ್ನು ಒಂದು ರಾತ್ರಿಯಲ್ಲಿ ಮೇಯ್ದು ಹೋದ ಹೆಬ್ಬಾತಿನ ಹಿಂಡನ್ನು ಅತಿಥಿ ಎಂದು ಕರೆಯಲು ಅವನಿಗೆ ಮನಸ್ಸು ಬಾರದಿದ್ದರೆ ತಪ್ಪೇನಿಲ್ಲ. ಅವನ ನಷ್ಟವೂ ಅದೇ ಪುಸ್ತಕದಲ್ಲಿ ಬರೆಯಬೇಕು, ಪರಿಹಾರದ ಮಾತು ಅದರ ಮೇಲೆ ನಿಲ್ಲಬೇಕು. ಹಕ್ಕಿ ಮತ್ತು ಬೇಸಾಯ ಹುಟ್ಟುಹಗೆಗಳೇನಲ್ಲ. ತಮಿಳುನಾಡಿನ ವೇಡಂತಾಂಗಲ್‌ನ ರೈತರು 18ನೆಯ ಶತಮಾನದ ಕೊನೆಯಲ್ಲೇ, ತಮ್ಮ ಕೆರೆಯ ಹಕ್ಕಿಗಳಿಗೆ ಯಾರೂ ಗುಂಡು ಹಾರಿಸಬಾರದೆಂದು ಕಂಪನಿ ಸರ್ಕಾರದ ಕಲೆಕ್ಟರನಿಂದ ಆಜ್ಞೆ ಬರೆಸಿಕೊಂಡಿದ್ದರು. ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಗೊಬ್ಬರ ಎಂಬುದು ಅವರಿಗೆ ಗೊತ್ತಿತ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ, 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಮೇಯುವ ಬಾತು ಗೂಡು ಕಟ್ಟುವ ಹೆಜ್ಜಾರ್ಲೆಯಷ್ಟು ಗೊಬ್ಬರ ಕೊಡಲಾರದು, ಒಪ್ಪೋಣ. ಅದಕ್ಕೇ ಹೊಗಳಿಕೆಗಿಂತ ಪರಿಹಾರ ಹೆಚ್ಚು ಪ್ರಾಮಾಣಿಕವಾದದ್ದು.

2024ರ ಫೆಬ್ರುವರಿಯಲ್ಲಿ ಸಮರಖಂಡದಲ್ಲಿ ಸೇರಿದ ಬಾನ್ ಒಪ್ಪಂದದ ಸಭೆ ಮಧ್ಯ ಏಷ್ಯಾ ವಲಸೆ ಹಾದಿಗಾಗಿ ಒಂದು ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ಅದರ ಸಮನ್ವಯದ ಹೊಣೆ ಭಾರತದ್ದು. ಸೈಬೀರಿಯಾದಿಂದ ಹಿಂದೂ ಮಹಾಸಾಗರದವರೆಗೆ 30 ದೇಶಗಳ ಮೇಲೆ ಹಾದುಹೋಗುವ ಈ ಹಾದಿಯಲ್ಲೇ ಹದಿನಾರಿನ ಕೆರೆಯೂ ಇದೆ. ಬೇರೆ ದೇಶಗಳಿಗೆ ಲೆಕ್ಕ ಕೇಳುವ ಸ್ಥಾನದಲ್ಲಿ ಕೂತವರ ಬಳಿ ತಮ್ಮ ಗದ್ದೆಯ ಲೆಕ್ಕ ಇರಬೇಡವೆ? ಸತ್ತ ಹಕ್ಕಿಯಿಂದ ಕಲಿಯುವುದು ನಮಗೆ ಹೊಸದೂ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಅದರ ವೈರಾಣುವನ್ನು ವಲಸೆ ಹಕ್ಕಿಗಳು ಹೊತ್ತು ತಂದಿರಬಹುದೆ ಎಂಬ ಪ್ರಶ್ನೆ ಎದ್ದಿತು. ಅದನ್ನು ತಿಳಿಯಲು ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಹಮ್ಮಿಕೊಂಡಿತು. ಆ ಕಾಲದಲ್ಲಿ ಉಂಗುರದ ಸುದ್ದಿ ಎಷ್ಟೋ ಸಲ ಮರಳಿ ಬರುತ್ತಿದ್ದುದು ಹಕ್ಕಿಯನ್ನು ಹೊಡೆದವನಿಂದಲೇ. ಇವತ್ತು ಹಾಗೆ ಬರೆಯಲು ಯಾರಿಗೂ ಧೈರ್ಯವಿಲ್ಲ, ಏಕೆಂದರೆ ಬರೆದ ಕಾಗದವೇ ಅಪರಾಧದ ಸಾಕ್ಷಿ. ಸತ್ತ ಹಕ್ಕಿಯ ಉಂಗುರವನ್ನೋ ಕೊರಳಪಟ್ಟಿಯನ್ನೋ ತಂದುಕೊಟ್ಟವರನ್ನು, ಎಲ್ಲಿ ಸಿಕ್ಕಿತು ಎನ್ನುವುದಕ್ಕಿಂತ ಹೆಚ್ಚು ಕೇಳದೆ ಬರೆದುಕೊಂಡು ಕಳಿಸುವ ಒಂದು ಜಾಗ ತಾಲ್ಲೂಕಿಗೊಂದು ಬೇಕು; ಶಾಲೆಯಾದರೂ ಸರಿ, ಗ್ರಾಮ ಪಂಚಾಯಿತಿಯಾದರೂ ಸರಿ. ಅಲ್ಲಿಯವರೆಗೆ ಗದ್ದೆಯಲ್ಲಿ ಸತ್ತ ಬಾತಿನ ಕೊರಳಪಟ್ಟಿ ನಾಲೆಯ ನೀರಿಗೆ ಬೀಳುತ್ತದೆ. ಅದನ್ನು ತೊಡಿಸಿದ ಮಂಗೋಲಿಯಾದವರ ಪುಸ್ತಕದಲ್ಲಿ ಆ ಸಂಖ್ಯೆಯ ಮುಂದಿನ ಜಾಗ ಖಾಲಿ ಉಳಿಯುತ್ತದೆ, ಹಿಮಾಲಯದ ಬಿರುಗಾಳಿಗೆ ಸಿಕ್ಕಿತೋ ನಮ್ಮ ಬಲೆಗೆ ಸಿಕ್ಕಿತೋ ಅವರಿಗೆ ತಿಳಿಯುವುದಿಲ್ಲ.