ಸ್ಥಳೀಯ ತೆರಿಗೆಯೂ ಹೊಟೇಲು ನೌಕರನೂ

ಕಸಾರಾ ಘಾಟನ್ನೇರಿ ಇಗತಪುರಿಯನ್ನು ದಾಟಿದ ಸರಕು ನಾಸಿಕವನ್ನು ಹೊಕ್ಕೊಡನೆ ಮಹಾನಗರಪಾಲಿಕೆಯ ತೆರಿಗೆಗೆ ಗುರಿಯಾಗುತ್ತಿದ್ದುದನ್ನು ನಮ್ಮ ಹೊಟೇಲು ಬಂಧುಗಳು ಮರೆತಿರಲಾರರು. 2013ರಲ್ಲಿ ಜಕಾತಿ ಹೋಗಿ ಸ್ಥಳೀಯ ಸಂಸ್ಥಾ ತೆರಿಗೆ ಬಂದಿತು. ನಾಕೆಯ ಕಾಟ ತಪ್ಪಿತು, ಲೆಕ್ಕಪತ್ರದ ಕಾಟ ಮೊದಲಾಯಿತು. ರಾಜ್ಯದ ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು. 2015ರ ಆಗಸ್ಟ್ 1ರಿಂದ, 50 ಕೋಟಿ ರೂಪಾಯಿಗಳೊಳಗಿನ ವಾರ್ಷಿಕ ವಹಿವಾಟಿಗೆ ಸರಕಾರವು ಅದನ್ನು ರದ್ದುಗೊಳಿಸಿತು.

ಈಗ ನಗರಸಂಸ್ಥೆಗಳ ಕೈಯಲ್ಲುಳಿದಿರುವುದು ಮುಖ್ಯವಾಗಿ ಘರಪಟ್ಟಿ, ಪಾಣಿಪಟ್ಟಿಗಳೇ. ಹೊಟೇಲಿನ ಬಿಲ್ಲಿಗೆ ಸಾಮಾನ್ಯವಾಗಿ ನೂರಕ್ಕೆ 5ರಂತೆ ಜಿ.ಎಸ್.ಟಿ. ಇದ್ದೇ ಇದೆ, ಅಂಥ ಹೊಟೇಲಿಗೆ ಅಡಿಗೆಯ ಗ್ಯಾಸಿನ ಮೇಲೆ ತೆತ್ತ ನೂರಕ್ಕೆ 18 ಮರಳಿ ದೊರೆಯದು. ಇದರ ಮೇಲೆ ಪಟ್ಟಿಯೂ ಏರಿದರೆ ಖೋಲಿಯ ಬಾಡಿಗೆ ಏರುವುದು, ನೌಕರನ ಪಗಾರ ಮಾತ್ರ ಏರದು. ಆದುದರಿಂದ ಸತ್ಕಾರ ಸಮಾರಂಭ, ಮೋಟಾರು, ಸ್ವಾಗತಫಲಕಗಳ ಖರ್ಚು ಮೊದಲು ಇಳಿಯಲಿ. ಕಸಗುಡಿಸುವವರ ಸಂಬಳಕ್ಕೆ ಮಾತ್ರ ಯಾರೂ ಕೈಯಿಕ್ಕಬಾರದು.