ಮೇವಿನ ಚೀಲವನ್ನು ಮೂಸಿ ಕೊಳ್ಳುವವರಿಗೆ

ಸೀಗಡಿ ಸಾಕುವವರು ಮೇವಿನ ಚೀಲ ಬಿಚ್ಚಿದ ಕೂಡಲೇ ಒಂದು ಹಿಡಿ ತೆಗೆದು ಮೂಸುತ್ತಾರೆ. ಮೀನಿನ ವಾಸನೆ ಗಾಢವಾಗಿದ್ದರೆ ಮಾಲು ಒಳ್ಳೆಯದು. ಇಲ್ಲವಾದರೆ ಕಂಪನಿಯವರು ಸೋಯಾ ತುಂಬಿ ಮೋಸ ಮಾಡಿದ್ದಾರೆ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಚೆನ್ನೈಯ ದಕ್ಷಿಣದ ಕರಾವಳಿಯಲ್ಲೂ ಇದೇ ಮಾತು, ನಮ್ಮ ಕುಮಟಾದ ಉಪ್ಪುನೀರಿನ ಗಜನಿ ಗದ್ದೆಗಳಲ್ಲೂ ಇದೇ ಮಾತು. ಮೀನುಹುಡಿ ಇಲ್ಲದಿದ್ದರೆ ಮೀನು ಬೆಳೆಯುವುದಿಲ್ಲ ಎಂಬ ನಂಬಿಕೆ ಇದರ ಬೇರು. ಅದು ತಪ್ಪು. ಎಷ್ಟು ಸಲ ಹೇಳಿದರೂ ಹೋಗದ ತಪ್ಪು.

ಮೀನಿನ ದೇಹಕ್ಕೆ ಬೇಕಾದದ್ದು ಅಮೈನೋ ಆಮ್ಲಗಳು. ತಾನೇ ತಯಾರಿಸಿಕೊಳ್ಳಲಾಗದ 10 ಅಮೈನೋ ಆಮ್ಲಗಳನ್ನು ಅದು ಆಹಾರದಿಂದಲೇ ಪಡೆಯಬೇಕು. ಮೇವಿನ ಪ್ರೋಟೀನು ಕರುಳಲ್ಲಿ ಒಡೆದ ಮೇಲೆ ಅದು ಬೂತಾಯಿ ಮೀನಿನಿಂದ ಬಂತೋ ಸೋಯಾ ಹಿಂಡಿಯಿಂದ ಬಂತೋ ಎಂಬುದನ್ನು ಸ್ನಾಯು ಕೇಳುವುದಿಲ್ಲ. ಒಳ್ಳೆಯ ಮೀನುಹುಡಿಯಲ್ಲಿ 60ರಿಂದ 65 ಶೇಕಡಾ ಪ್ರೋಟೀನು ಇದೆ, ಅಮೈನೋ ಆಮ್ಲಗಳ ಹೊಂದಾಣಿಕೆಯೂ ಚೆನ್ನಾಗಿದೆ. ಅದರ ಮುಖ್ಯ ಹೆಚ್ಚುಗಾರಿಕೆ ಅದೇ. ಸೋಯಾ ಹಿಂಡಿಯಲ್ಲಿ ಸುಮಾರು 45 ಶೇಕಡಾ ಪ್ರೋಟೀನು ಇದ್ದರೂ ಮೆಥಿಯೋನಿನ್ ಕಡಿಮೆ; ಕಡಲೆಕಾಯಿ ಹಿಂಡಿಯಲ್ಲಿ ಲೈಸಿನ್ ಕೂಡ ಕಡಿಮೆ. ಕೊರತೆ ಯಾವುದೆಂದು ಗೊತ್ತಿದ್ದರೆ ತುಂಬಬಹುದು. ಸೋಯಾದಲ್ಲಿ ಜೀರ್ಣಕ್ಕೆ ಅಡ್ಡಬರುವ ಟ್ರಿಪ್ಸಿನ್ ತಡೆಕಾರಕಗಳನ್ನು ಬಿಸಿ ಕೊಲ್ಲುತ್ತದೆ. ಫೈಟೇಟಿನಲ್ಲಿ ಸಿಕ್ಕಿಬಿದ್ದ ರಂಜಕವನ್ನು ಫೈಟೇಸ್ ಕಿಣ್ವ ಬಿಡಿಸಿಕೊಡುತ್ತದೆ.

ಇನ್ನು ವಾಸನೆ. ಸೀಗಡಿ ಮೇವನ್ನು ಹುಡುಕುವುದೇ ವಾಸನೆ ಹಿಡಿದು. ಆದ್ದರಿಂದ ಮೇವು ಮಾಡುವವರು ಮೀನೆಣ್ಣೆ, ಸ್ಕ್ವಿಡ್ ಯಕೃತ್ತಿನ ಸಾರ ಮುಂತಾದವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ನಿಮ್ಮ ಮೂಗಿಗೆ ಬಡಿಯುವುದು ಬಹುಪಾಲು ಅದೇ. ಅದಕ್ಕಿಂತ ಕೆಟ್ಟ ಸುದ್ದಿ ಇನ್ನೊಂದಿದೆ: ಹಳಸಿದ ಮೀನಿನಿಂದ ಮಾಡಿದ ಹುಡಿಯೇ ಹೆಚ್ಚು ನಾರುತ್ತದೆ. ಮೀನು ಕೊಳೆಯುತ್ತ ಹೋದಂತೆ ಹಿಸ್ಟಮೀನ್ ಮತ್ತು ಆವಿಯಾಗುವ ಸಾರಜನಕ ಸಂಯುಕ್ತಗಳು ಏರುತ್ತವೆ. ಘಮ್ಮೆನ್ನುವ ಚೀಲವನ್ನೇ ಆರಿಸಿ ತಂದ ರೈತ ಕೆಲವೊಮ್ಮೆ ಕೊಳೆತ ಮೀನಿಗೇ ಹೆಚ್ಚು ಹಣ ಕೊಟ್ಟಿರುತ್ತಾನೆ. ಪ್ರಯೋಗಾಲಯದ ಸಾದಾ ಪರೀಕ್ಷೆಯೂ ಸಾರಜನಕವನ್ನು ಅಳೆದು ಅದನ್ನೇ ಪ್ರೋಟೀನೆಂದು ಲೆಕ್ಕ ಹಾಕುವುದರಿಂದ, ಯೂರಿಯಾ ಬೆರೆಸಿದ ಮೀನುಹುಡಿ ಅಲ್ಲಿಯೂ ಪಾಸಾಗಿಬಿಡುತ್ತದೆ.

ಮೀನುಹುಡಿಗೆ ಬದಲಿ ಹುಡುಕುವ ಕೆಲಸ ಚೆನ್ನೈಯಲ್ಲೇ ನಡೆದಿದೆ. 1987ರಲ್ಲಿ ಆರಂಭವಾದ, ಎಲ್ಲರೂ ಸಿಬಾ ಎಂದು ಕರೆಯುವ ಕೇಂದ್ರೀಯ ಚೌಳುನೀರು ಜಲಕೃಷಿ ಸಂಸ್ಥೆ ಇರುವುದು ಅಲ್ಲಿನ ಸಾಂತೋಮ್ ಹೈರೋಡಿನಲ್ಲಿ. ಅದರ ಪ್ರಯೋಗ ಕೇಂದ್ರ ಮುಟ್ಟುಕಾಡಿನಲ್ಲಿದೆ. ಸೋಯಾ, ಕಡಲೆಕಾಯಿ, ಸೂರ್ಯಕಾಂತಿ ಹಿಂಡಿಗಳನ್ನು ಆಸ್ಪರ್ಜಿಲಸ್ ನೈಗರ್ ಶಿಲೀಂಧ್ರದಿಂದ ಹುದುಗಿಸಿ, ಮೀನುಹುಡಿಯ ಬದಲಿಗೆ ವನಾಮಿ ಸೀಗಡಿಗೆ ತಿನ್ನಿಸಿ ನೋಡಿದವರು ಸಿಬಾದ ವಿಜ್ಞಾನಿಗಳು. ಹುದುಗಿಸಿದಾಗ ನಾರು ಮತ್ತು ಅಡ್ಡಿಕಾರಕಗಳು ತಗ್ಗುತ್ತವೆ.

ಕನ್ನಡಿಗರಿಗಂತೂ ಈ ವಿಷಯ ಹೊಸದಾಗಬಾರದು. ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಪ್ಯೂಪಾವನ್ನು ಒಣಗಿಸಿದರೆ ಅರ್ಧಕ್ಕಿಂತ ಹೆಚ್ಚು ಪ್ರೋಟೀನೇ. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಎಂ. ಸಿ. ನಂದೀಶ ಮತ್ತು ಸಂಗಡಿಗರು ಕೊಬ್ಬು ತೆಗೆಯದ ಪ್ಯೂಪಾವನ್ನು ಸಾಮಾನ್ಯ ಗೆಂಡೆಗೆ ತಿನ್ನಿಸಿ 1990ರಲ್ಲೇ ಪ್ರಬಂಧ ಬರೆದರು. ಇಷ್ಟು ವರ್ಷಗಳ ಮೇಲೂ "ಹುಳ ತಿಂದ ಮೀನೇ, ಛೀ" ಎನ್ನುವವರಿದ್ದಾರೆ. ಹೊಳೆಯ ಮೀನು ತಿನ್ನುವುದು ಮತ್ತೇನನ್ನು?

ಮೀನುಹುಡಿ ಬರೀ ಕಸದಿಂದ ಆಗುತ್ತದೆ ಎಂಬುದೂ ಸುಳ್ಳು. ಜಗತ್ತಿನ ಮೀನುಹುಡಿಯಲ್ಲಿ ತಲೆ, ಮುಳ್ಳು, ಕರುಳಿನಿಂದ ಬರುವುದು ಸುಮಾರು ಮೂರನೇ ಒಂದು ಭಾಗ. ಉಳಿದದ್ದು ಇಡಿಯ ಮೀನು. ಒಂದು ಕಿಲೋ ಹುಡಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು. ಮಲ್ಪೆ, ಉಳ್ಳಾಲದ ಕಾರ್ಖಾನೆಗಳಿಗೆ ಹೋಗುವ ಬೂತಾಯಿ ಬಡವರ ಊಟದ ಮೀನು. ಆ ಬೂತಾಯಿಯನ್ನೇ ನೆಚ್ಚಿ ಕೂರುವುದು ಎಂಥ ಅಪಾಯ ಎಂಬುದಕ್ಕೆ ಕೇರಳವೇ ಸಾಕ್ಷಿ: 2012ರಲ್ಲಿ ಸುಮಾರು 4 ಲಕ್ಷ ಟನ್ ಬೂತಾಯಿ ಸಿಕ್ಕ ಅಲ್ಲಿ 2021ರಲ್ಲಿ ಸಿಕ್ಕಿದ್ದು 3,297 ಟನ್.

ಮಾಂಸಾಹಾರಿ ಮೀನಿಗೆ ಮೀನುಹುಡಿಯ ಬದಲಿ ನಡೆಯದು ಎನ್ನುವವರು ನಾರ್ವೆಯ ಸಾಲ್ಮನ್ ನೋಡಲಿ. 1990ರಲ್ಲಿ ಅದರ ಮೇವಿನಲ್ಲಿ ಮೀನುಹುಡಿ, ಮೀನೆಣ್ಣೆ ಸೇರಿ 90 ಶೇಕಡಾದಷ್ಟಿತ್ತು. 2013ಕ್ಕೆ 30ರ ಆಸುಪಾಸಿಗೆ ಇಳಿಯಿತು. ಮಿತಿಗಳು ಇಲ್ಲವೆಂದಲ್ಲ. ಸೋಯಾ ಹಿಂಡಿ ಹೆಚ್ಚಾದರೆ ಸಾಲ್ಮನ್ ಕರುಳು ಉರಿಯೂತಕ್ಕೆ ಒಳಗಾಗುತ್ತದೆ. ಸರಿಯಾಗಿ ಒಣಗಿಸದ ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರದ ವಿಷ ಸೇರಿಕೊಳ್ಳಬಹುದು. ಮೀನೆಣ್ಣೆ ಕಡಿಮೆಯಾದರೆ ಮೀನಿನ ಮಾಂಸದಲ್ಲಿ ಒಮೆಗಾ-3 ಇಳಿಯುತ್ತದೆ, ಅದು ನಿಜ. ಆದರೆ ಅದು ಮುಖ್ಯವಾಗಿ ಎಣ್ಣೆಯ ಪ್ರಶ್ನೆ, ಹುಡಿಯದ್ದಲ್ಲ. ಆ ಒಮೆಗಾ-3 ಮೂಲದಲ್ಲಿ ಹುಟ್ಟುವುದು ಸಮುದ್ರದ ಸೂಕ್ಷ್ಮ ಪಾಚಿಯಲ್ಲಿ. ಪಾಚಿಯ ಎಣ್ಣೆ ಈಗ ಮೇವಿಗೂ ಬರುತ್ತಿದೆ.

ಮೇವಿನಲ್ಲಿ ಸೋಯಾ ಇದೆ ಎಂದು ಸಿಡಿಮಿಡಿಗೊಳ್ಳುವ ಅದೇ ರೈತರು, ಒಳಗೆ ಏನಿದೆ ಎಂದು ಬರೆಯದ "ಶಕ್ತಿವರ್ಧಕ" ಬಾಟಲಿಗಳನ್ನು ಅಂಗಡಿಯವನ ಮಾತಿಗೆ ಕೊಂಡು ಹೊಂಡಕ್ಕೆ ಸುರಿಯುವುದನ್ನು ಕಂಡಾಗ ನನ್ನ ತಾಳ್ಮೆ ತಪ್ಪುತ್ತದೆ. ಸಾಲ ತಂದು ಕಟ್ಟಿದ ಹೊಂಡ ಅದು. ಯಾರೋ ಹೇಳಿದ್ದು ಸಾಕು, ತಕ್ಕಡಿ ಬೇಡ ಎನ್ನುವ ಅಭ್ಯಾಸ ಎಷ್ಟು ಮನೆಗಳನ್ನು ಹಾಳು ಮಾಡಿದೆಯೋ.

ಮೇವು ಕೊಳ್ಳುವಾಗ ಲೈಸಿನ್, ಮೆಥಿಯೋನಿನ್ ಎಷ್ಟಿದೆ ಎಂದು ಕಂಪನಿಯವರನ್ನು ಕೇಳಿ. ಎರಡು ಹೊಂಡಗಳಿದ್ದರೆ ಒಂದಕ್ಕೆ ಮೀನುಹುಡಿ ಕಡಿಮೆ ಇರುವ ಮೇವು ಹಾಕಿ, ಇನ್ನೊಂದಕ್ಕೆ ನಿಮ್ಮ ಹಳೆಯ ಮೇವನ್ನೇ ಹಾಕಿ. ಒಂದು ಕಿಲೋ ಸೀಗಡಿಗೆ ಎಷ್ಟು ಕಿಲೋ ಮೇವು ಹೋಯಿತು, ಎಷ್ಟು ರೂಪಾಯಿ ಬಿತ್ತು ಎಂದು ಬೆಳೆ ಮುಗಿಯುವ ತನಕ ಬರೆದಿಡಿ.