ಶಾಂಘೈ ಗೆದ್ದ ಸೇನಾನಿ, ಶಾಂಘೈ ಆಳಿದ ಮೇಯರ್

1949ರ ಮೇ ತಿಂಗಳ ಕೊನೆಯ ವಾರ. ಶಾಂಘೈನ ಜನ ಬೆಳಗ್ಗೆ ಬಾಗಿಲು ತೆರೆದರೆ ಬೀದಿಯುದ್ದಕ್ಕೂ ಕಮ್ಯುನಿಸ್ಟ್ ಸೈನಿಕರು ಬರೀ ನೆಲದ ಮೇಲೆ ಮಲಗಿದ್ದರು. ಯಾರ ಮನೆಗೂ ಕಾಲಿಡಕೂಡದು, ನಗರದೊಳಗೆ ಭಾರಿ ಫಿರಂಗಿ ಹಾರಿಸಕೂಡದು ಎಂದು ಅವರಿಗೆ ಕಟ್ಟಪ್ಪಣೆಯಾಗಿತ್ತು. ಆ ಪಡೆಗಳ ಸೇನಾಪತಿ ಚೆನ್ ಯಿ ಅದೇ ವಾರ ನಗರದ ಮೇಯರ್ ಆದರು.

ಸಿಚುವಾನ್ ಪ್ರಾಂತ್ಯದಲ್ಲಿ 1901ರಲ್ಲಿ ಹುಟ್ಟಿದ ಚೆನ್, ದುಡಿಯುತ್ತಾ ಓದಲೆಂದು ಫ್ರಾನ್ಸಿಗೆ ಹೋಗಿದ್ದವರು. ಲಿಯೊನ್‌ನಲ್ಲಿ ವಿದ್ಯಾರ್ಥಿ ಪ್ರತಿಭಟನೆಗೆ ಇಳಿದದ್ದಕ್ಕೆ 1921ರಲ್ಲಿ ಗಡೀಪಾರಾದರು. 1934ರಲ್ಲಿ ಮಾವೊ ಇದ್ದ ಕಮ್ಯುನಿಸ್ಟ್ ಪಡೆಗಳು ಲಾಂಗ್ ಮಾರ್ಚ್ ಎಂಬ ದೂರದ ಪಲಾಯನಕ್ಕೆ ಹೊರಟಾಗ ಗಾಯಗೊಂಡಿದ್ದ ಇವರು ಹಿಂದೆಯೇ ಉಳಿಯಬೇಕಾಯಿತು. ದಕ್ಷಿಣದ ಗುಡ್ಡಗಾಡಿನಲ್ಲಿ ಮೂರು ವರ್ಷ ಗೆರಿಲ್ಲಾ ಯುದ್ಧ ನಡೆಸಿದರು. ಅಡಗಿ ಕೂತಲ್ಲೇ ಕವಿತೆಯನ್ನೂ ಬರೆದರು. ಮುಂದೆ ರಾಷ್ಟ್ರವಾದಿ ನಾಯಕ ಚಿಯಾಂಗ್ ಕೈ-ಷೆಕ್ ಸೇನೆಯ ಬೆನ್ನೆಲುಬು ಮುರಿದ ಹುವಾಯ್‌ಹಾಯ್ ಕದನದ ನಾಯಕರಲ್ಲಿ ಇವರೂ ಒಬ್ಬರು. ಆ ಕದನಕ್ಕೆ ಲಕ್ಷಾಂತರ ರೈತರು ತಳ್ಳುಗಾಡಿಗಳಲ್ಲಿ ದವಸ, ಮದ್ದುಗುಂಡು ಸಾಗಿಸಿದ್ದರು. ಗೆಲುವು ಅವರದೇ ಎಂದು ಚೆನ್ ಹೇಳುತ್ತಿದ್ದರಂತೆ.

ಶಾಂಘೈನಲ್ಲಿ ಎದುರಾಳಿ ಬೇರೆಯೇ ಇದ್ದ: ಬೆಲೆಯೇರಿಕೆ. ಹೊಸ ನೋಟನ್ನು ಯಾರೂ ನಂಬದೆ ಬೆಳ್ಳಿ ನಾಣ್ಯದ ಸಟ್ಟಾ ವ್ಯಾಪಾರ ಜೋರಾಗಿತ್ತು. ಜೂನ್ 10ರಂದು ಷೇರುಪೇಟೆಯ ಕಟ್ಟಡವನ್ನೇ ಮುತ್ತಿ ದಲ್ಲಾಳಿಗಳನ್ನು ಹಿಡಿಯಲಾಯಿತು. ಆಮೇಲೆ ಬೇರೆ ಪ್ರಾಂತ್ಯಗಳಿಂದ ಅಕ್ಕಿ, ಹತ್ತಿ ತರಿಸಿ ಮಾರುಕಟ್ಟೆಗೆ ಸುರಿದು ದಾಸ್ತಾನುಕೋರರ ಸೊಂಟ ಮುರಿದರು. ಆದರೆ ಈ ಮೇಯರ್‌ಗಿರಿಗೆ ಕರಾಳ ಮುಖವೂ ಉಂಟು. 1952ರ ವ್ಯಾಪಾರಿವಿರೋಧಿ ಆಂದೋಲನದಲ್ಲಿ ಕಿರುಕುಳ ತಾಳಲಾರದೆ ನಗರದ ಎಷ್ಟೋ ವ್ಯಾಪಾರಿಗಳು ಆತ್ಮಹತ್ಯೆ ಮಾಡಿಕೊಂಡರು. ಆಗಲೂ ಕುರ್ಚಿಯಲ್ಲಿದ್ದವರು ಚೆನ್ ಅವರೇ.

1955ರಲ್ಲಿ ಮಾರ್ಷಲ್ ಪದವಿ ಪಡೆದ ಹತ್ತು ಮಂದಿಯಲ್ಲಿ ಅವರೂ ಒಬ್ಬರಾದರು. 1958ರಲ್ಲಿ ಪ್ರಧಾನಿ ಚೌ ಎನ್‌ಲೈ ಬಿಟ್ಟುಕೊಟ್ಟ ವಿದೇಶಾಂಗ ಖಾತೆ ಅವರಿಗೆ ಬಂತು. ಭಾರತದ ಹಿರಿಯರಿಗೆ ಅವರ ಹೆಸರು ಪರಿಚಯವಾದದ್ದು ಹೀಗೆ: 1960ರ ಏಪ್ರಿಲ್‌ನಲ್ಲಿ ಗಡಿ ಮಾತುಕತೆಗೆಂದು ಚೌ ಜೊತೆ ದೆಹಲಿಗೆ ಬಂದರು, ಬರಿಗೈಯಲ್ಲಿ ಮರಳಿದರು. 1962ರ ಜುಲೈನಲ್ಲಿ ಜಿನೀವಾದಲ್ಲಿ ಭಾರತದ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರನ್ನು ಭೇಟಿಯಾದರು. ಅಕ್ಟೋಬರಿಗೆ ಯುದ್ಧವೇ ಶುರುವಾಯಿತು. ಗಡೀಪಾರು ಮಾಡಿದ್ದ ಫ್ರಾನ್ಸ್ 1964ರಲ್ಲಿ ಕಮ್ಯುನಿಸ್ಟ್ ಚೀನಾಕ್ಕೆ ಮಾನ್ಯತೆ ಕೊಟ್ಟಾಗ ವಿದೇಶಾಂಗ ಸಚಿವರು ಈ ಹಳೆಯ ವಿದ್ಯಾರ್ಥಿಯೇ!

ರಾಜತಾಂತ್ರಿಕನಿಗೆ ಬೇಕಾದ ನಾಲಿಗೆಯ ಹಿಡಿತ ಮಾತ್ರ ಅವರಿಗಿರಲಿಲ್ಲ. ಯುದ್ಧಭೂಮಿಯಲ್ಲಿ ಒಪ್ಪುತ್ತಿದ್ದ ನೇರನುಡಿ ರಾಜಧಾನಿ ಪೀಕಿಂಗ್‌ನಲ್ಲಿ ಮುಳುವಾಯಿತು. 1967ರ ಫೆಬ್ರವರಿಯಲ್ಲಿ ಮಾವೊ ಆರಂಭಿಸಿದ್ದ ಸಾಂಸ್ಕೃತಿಕ ಕ್ರಾಂತಿಯ ವಿರುದ್ಧ ಸಭೆಯಲ್ಲೇ ಗುಡುಗಿದರು. ಮಾವೊ ಕೆರಳಿದರು, ಆ ಕ್ರಾಂತಿಯ ಯುವಪಡೆಯಾದ ರೆಡ್ ಗಾರ್ಡ್‌ಗಳು ಅವರನ್ನು ಸಭೆ ಸಭೆಗೂ ಎಳೆದು ಹಳಿದರು. ಹುದ್ದೆ ಹೆಸರಿಗಷ್ಟೇ ಉಳಿಯಿತು.

ಆದರೂ 1969ರಲ್ಲಿ ಜಗತ್ತಿನ ಸ್ಥಿತಿಗತಿ ಅಳೆಯಲು ಮಾವೊ ನಾಲ್ವರು ಮಾರ್ಷಲ್‌ಗಳಿಗೆ ಹೇಳಿದಾಗ ಅವರಲ್ಲಿ ಚೆನ್ ಇದ್ದರು. ಸೋವಿಯತ್ ಒಕ್ಕೂಟದ ಭಯ ಹೆಚ್ಚಿದೆ, ಅಮೆರಿಕದ ಜೊತೆ ಮಾತಿಗೆ ಕೂರಬಹುದು ಎಂದು ಸಲಹೆಯಿತ್ತರು. 1972ರ ಜನವರಿ 6ರಂದು ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡರು. ಅಂತ್ಯಸಂಸ್ಕಾರದ ಸಭೆಗೆ ಮಾವೊ ಬರುವ ಸುಳಿವು ಯಾರಿಗೂ ಇರಲಿಲ್ಲ. ಪೈಜಾಮದ ಮೇಲೊಂದು ಕೋಟು ಹಾಕಿಕೊಂಡು ಬಂದೇಬಿಟ್ಟರು. ಚೆನ್ ಸೂಚಿಸಿದ್ದ ಮಾತುಕತೆಗೆಂದು ಫೆಬ್ರವರಿ 21ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ಪೀಕಿಂಗ್‌ನಲ್ಲಿ ಇಳಿದರು.